ನುಂಗಿದ ಮಾತ್ರೆ ಹೊಳೆಗೆ ಸೇರುತ್ತದಾ?

ಪ್ರಶ್ನೆ: ಹೊಳೆದಂಡೆ

ಅಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಅವಧಿ ಮುಗಿದ ಮಾತ್ರೆಗಳನ್ನು ಟಾಯ್ಲೆಟ್‌ಗೆ ಹಾಕಬಾರದು ಅನ್ನೋದು ಗೊತ್ತು, ನಾವು ಹಾಕುವುದಿಲ್ಲ. ಆದರೆ ದಿನಾ ನುಂಗುವ ಮಾತ್ರೆಗಳ ಕಥೆ ಏನು? ಅವು ಹೊಟ್ಟೆಯಲ್ಲೇ ಕರಗಿ ಮುಗಿದುಹೋಗುತ್ತವಾ? ಮೀನುಗಳಿಗೆ ನಿಜಕ್ಕೂ ತೊಂದರೆಯಾಗುತ್ತಾ, ಅಥವಾ ಸುಮ್ನೆ ಹೆದರಿಸ್ತಾರಾ?

ಉತ್ತರ: ತಿಳಿನೀರು

ಕೊಳಚೆ ನೀರು ಶುದ್ಧೀಕರಿಸುವ ಘಟಕದ ಲ್ಯಾಬ್‌ನಲ್ಲಿ ನನ್ನ ಕೆಲಸ. ಹೆದರಿಸುವ ಮಾತಲ್ಲ, ನಿಜ.

ಮುಗಿದುಹೋಗುವುದಿಲ್ಲ. ನಿಮ್ಮ ಅಮ್ಮ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ, ದೇಹ ಅದನ್ನು ಒಡೆಯುವುದೇ ಇಲ್ಲ. ಹೀರಿಕೊಂಡದ್ದು ಮೂತ್ರದಲ್ಲಿ ಹಾಗೇ ಹೊರಗೆ ಬರುತ್ತದೆ. ಘಟಕದ ಬ್ಯಾಕ್ಟೀರಿಯಾ ಅದರಲ್ಲಿ ಬಹುಪಾಲನ್ನು ಒಡೆಯುತ್ತವೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರ ಬಂದ ಹಾಗೇ ದಾಟಿ ಹೋಗುತ್ತದೆ. ನಮ್ಮ ತೊಟ್ಟಿಗಳನ್ನು ಕಟ್ಟಿದ್ದು ಮಲ, ಕೊಬ್ಬು, ಸಾರಜನಕ ತೆಗೆಯೋಕೆ. ಔಷಧಿ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 104 ದೇಶಗಳ 258 ನದಿಗಳ ನೀರು ನೋಡಿದ್ದರು. ಈ ಎರಡೂ ಔಷಧಿಗಳು ಅರ್ಧಕ್ಕಿಂತ ಜಾಸ್ತಿ ಕಡೆ ಸಿಕ್ಕವು. ಸುಮಾರು ಕಾಲು ಭಾಗದಷ್ಟು ಜಾಗಗಳಲ್ಲಿ ಯಾವುದಾದರೂ ಒಂದು ಔಷಧಿ ಜಲಚರಗಳಿಗೆ ಸುರಕ್ಷಿತ ಅನ್ನುವ ಮಟ್ಟ ಮೀರಿತ್ತು.

ಮೀನಿನ ವಿಷಯ ಕೇಳಿದಿರಲ್ಲ, ನನ್ನನ್ನು ಇವತ್ತಿಗೂ ಕಾಡುವುದು ಕೆನಡಾದ ಒಂದು ಸಣ್ಣ ಸರೋವರ. ಒಂಟಾರಿಯೋದಲ್ಲಿದೆ, ಹೆಸರೂ ಇಲ್ಲ, ನಂಬರ್ 260. 2001ರಿಂದ 2003ರವರೆಗೆ ಪ್ರತಿ ಬೇಸಿಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ನನ್ನು ಸಂಶೋಧಕರು ಬೇಕಂತಲೇ ಅದಕ್ಕೆ ಬೆರೆಸಿದರು. ಲೀಟರಿಗೆ ಬರೀ 5–6 ನ್ಯಾನೋಗ್ರಾಂ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲೇ ನ್ಯಾನೋಗ್ರಾಂ. ಅಷ್ಟಕ್ಕೇ ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ತಯಾರಾಯಿತು. ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಪುಟ್ಟ ಮೀನಿನ ಸಂತತಿ ಹೆಚ್ಚುಕಮ್ಮಿ ಅಳಿದೇ ಹೋಯಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಅದು ಮತ್ತೆ ಹೆಚ್ಚಿತು. ನನಗೆ ಧೈರ್ಯ ಕೊಡುವುದು ಈ ಭಾಗ.

ಉತ್ತರ: ಗಾಳದಾರ

ಮೀನು ಸಾಯದಿದ್ದರೂ ಅದರ ನಡವಳಿಕೆ ಬದಲಾಗುತ್ತದೆ. ಸ್ವೀಡನ್‌ನಲ್ಲಿ ಆತಂಕಕ್ಕೆ ಕೊಡುವ ಆಕ್ಸಜೆಪಾಮ್ ಬೆರೆಸಿದ ನೀರಲ್ಲಿ ಪರ್ಚ್ ಮೀನು ಬಿಟ್ಟು ನೋಡಿದ್ದರು, 2013ರಲ್ಲಿ ಪ್ರಕಟವಾಯಿತು. ಗುಂಪು ಬಿಟ್ಟು ಒಂಟಿಯಾಗಿ, ಭಯವಿಲ್ಲದೆ ಓಡಾಡುತ್ತಿದ್ದವು. ಹೊಳೆಯಲ್ಲಿ ಗುಂಪು ಬಿಟ್ಟ ಸಣ್ಣ ಮೀನನ್ನು ದೊಡ್ಡದು ಬಿಡುತ್ತಾ?

ಇನ್ನೊಂದು ಮಾತು. ಎಲ್ಲವನ್ನೂ ರೋಗಿಗಳ ತಲೆಗೆ ಕಟ್ಟಬೇಡಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ನೀರು ಶುದ್ಧೀಕರಿಸಿ ಬಿಡುವ ಘಟಕವಿತ್ತು. ಅಲ್ಲಿಂದ ಹೊರಬರುತ್ತಿದ್ದ ನೀರಲ್ಲಿ ಸಿಪ್ರೋಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದದ್ದು 2007ರಲ್ಲಿ ವರದಿಯಾಯಿತು. ನ್ಯಾನೋ ಅಲ್ಲ, ಮಿಲಿ.

ಹೊಳೆದಂಡೆ:

ಹಾಗಾದರೆ ಅಮ್ಮನ ಮಾತ್ರೆ ಕಡಿಮೆ ಮಾಡಿಸಬೇಕಾ?

ತಿಳಿನೀರು:

ದಯವಿಟ್ಟು ಬೇಡ. ಡಾಕ್ಟರ್ ಹೇಳಿದಷ್ಟೂ ತಗೊಳ್ಳಲಿ. ಇದು ಅಮ್ಮ ಹೊರಬೇಕಾದ ಭಾರ ಅಲ್ವೇ ಅಲ್ಲ. ಘಟಕದಲ್ಲೇ ನೀರಿಗೆ ಓಝೋನ್ ಅನಿಲ ಹಾಯಿಸಿದರೆ ಅಥವಾ ಸಕ್ರಿಯ ಇದ್ದಿಲಿನಲ್ಲಿ ಸೋಸಿದರೆ ಕಾರ್ಬಮಜೆಪಿನ್ ಕೂಡ ಬಹುಪಾಲು ಹೋಗುತ್ತದೆ. ಸ್ವಿಟ್ಜರ್ಲೆಂಡ್ 2016ರಿಂದ ಇದನ್ನು ಕಾನೂನಿನಡಿ ಮಾಡಿಸುತ್ತಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ನಿಯಮದ ಪ್ರಕಾರ ಈ ಹೆಚ್ಚುವರಿ ಶುದ್ಧೀಕರಣದ ಖರ್ಚಲ್ಲಿ ಕನಿಷ್ಠ 80% ಔಷಧಿ ಮತ್ತು ಸೌಂದರ್ಯವರ್ಧಕ ಕಂಪನಿಗಳೇ ಕೊಡಬೇಕು. ಸರಿಯಾದ ದಾರಿ ಇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೀರಾ? ಚರ್ಮ ಅದರಲ್ಲಿ ಹೀರುವುದು ಸ್ವಲ್ಪವೇ. ಹಚ್ಚಿದ ಮೇಲೆ ಕೈಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಆ ಕಾಗದ ಕಸದ ಬುಟ್ಟಿಗೆ, ಟಾಯ್ಲೆಟ್‌ಗಲ್ಲ.