ಪದ ಬೇಕು: ಹಾರಲು ಬಂದ, ಬೇಟೆ ಬಾರದ ಬೈರಿ ಮರಿಗೆ

ಪುಣೆಯಿಂದ:
ತುರ್ತಾಗಿ ಕೇಳುತ್ತಿದ್ದೇನೆ. ಇಲ್ಲಿ ಕನ್ನಡ ಮಕ್ಕಳ ಓದುಕೋಣೆಗೆ ಸಹ್ಯಾದ್ರಿಯ ಹಕ್ಕಿಗಳ ಫಲಕ ಮಾಡುತ್ತಿದ್ದೇವೆ. ಈಗ ಕೈಯಲ್ಲಿರುವುದು ಬೈರಿ ಎಂಬ ಬೇಟೆಹಕ್ಕಿಯದು (ಪೆರಿಗ್ರಿನ್ ಫಾಲ್ಕನ್). ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಮರಾಠಿ ಮೂಲದಲ್ಲಿ ಎಲ್ಲ ಹಂತಕ್ಕೂ 'ಪಿಲ್ಲೂ' (ಮರಿ) ಒಂದೇ. ಮೊಟ್ಟೆ ಒಡೆದು ಬಂದ ಬಿಳಿ ಮರಿಗೆ 'ತುಪ್ಪುಳುಮರಿ' ಅಂದೆ. ಗರಿ ಮೂಡಿ, ನಿಂತಲ್ಲೇ ರೆಕ್ಕೆ ಬಡಿಯುವುದಕ್ಕೆ 'ಗರಿಮರಿ'. 5-6 ವಾರಕ್ಕೆ ಗೂಡು ಬಿಟ್ಟು ಹಾರುತ್ತದಲ್ಲ, ಅದಕ್ಕೆ? 'ರೆಕ್ಕೆ ಬಲಿತ ಮರಿ' ಸಾಕಾ?

ಡೊಂಬಿವಲಿಯಿಂದ:
ಸಾಲದು. ರೆಕ್ಕೆ ಬಲಿತಿದೆ ಅಂದರೆ ನಮ್ಮಲ್ಲಿ ಇನ್ನು ಹೆತ್ತವರ ಮಾತು ಕೇಳಲ್ಲ ಅಂತ ಅರ್ಥ. ಈ ಮರಿ ಹಾರಿದ ಮೇಲೂ ವಾರಗಟ್ಟಲೆ ಕಿರುಚಿಕೊಂಡು ಅಪ್ಪ ಅಮ್ಮನ ಹಿಂದೆಯೇ ಸುತ್ತುತ್ತದೆ. ದೊಡ್ಡ ಹಕ್ಕಿ ಹೊಡೆದು ತಂದ ಬೇಟೆಯನ್ನು ಗಾಳಿಯಲ್ಲೇ ಕೈಬಿಡುತ್ತದೆ. ಮರಿ ಅದನ್ನು ಕೆಳಗೆ ಬೀಳುವ ಮೊದಲು ಹಿಡಿಯಬೇಕು. ಪಾಠ ನಡೆಯುವುದೇ ಹೀಗೆ. 'ಹಾರುಮರಿ' ಎನ್ನಿ. ಹುರಿಗಡಲೆ, ಹಾರುಬೂದಿ ಇದ್ದ ಹಾಗೆ.
ಇನ್ನೊಂದು. ಬೈರಿ ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನಲ್ಲಿ ಮಣ್ಣು ಕೆರೆದು ಕುಳಿ ಮಾಡಿ, 3-4 ಮೊಟ್ಟೆ ಇಡುತ್ತದೆ. 'ಗೂಡು ಬಿಟ್ಟು' ತೆಗೆಯಿರಿ.

ಮಡಗಾಂವ್‌ನಿಂದ:
'ಹಾರು' ಅಂದರೆ ನೆಗೆಯುವುದೂ ಹೌದು. ಮೇಕೆಮರಿಯೂ ಹಾರುಮರಿಯೇ. 'ಉಡ್ಡಯನಶಾವಕ' (ಹಾರುವ ಮರಿ) ನಿಖರ. ಅದಿರಲಿ, ಬೈರಿ ಯಾಕೆ? ಹಿಂದಿಯ ಬಹರಿ, ಮರಾಠಿಯ ಬಹಿರಿ ಅದೇ. ನಮ್ಮದು ಸಾಳುವ. ವಿಜಯನಗರ ಆಳಿದ ಸಾಳುವ ನರಸಿಂಹನ ಮನೆತನದ ಹೆಸರೇ ಈ ಬೇಟೆಹಕ್ಕಿಯದು.

ಡೊಂಬಿವಲಿಯಿಂದ:
ಓದುವವರು ಎರಡನೇ ಕ್ಲಾಸಿನವರು. ಉಡ್ಡಯನಶಾವಕ ಬೇಡ. ಚರ್ಚೆಯೂ ಬೇಡ.

ಮುಲುಂಡ್‌ನಿಂದ:
ಸಾಳುವ ಅಂದರೆ ಮಕ್ಕಳಿಗೆ ರಾಜ ನೆನಪಾಗುತ್ತಾನೆ, ಹಕ್ಕಿ ಅಲ್ಲ. ಸಹ್ಯಾದ್ರಿಯ ಬಂಡೆಗಳಲ್ಲಿ ಮರಿ ಮಾಡುವ ಬೈರಿಯ ಒಳಜಾತಿಗೆ ಶಾಹೀನ್ ಅಂತಲೇ ಹೆಸರು. ಹೊಟ್ಟೆ ಕೆಂಪು ಛಾಯೆ, ಬೆನ್ನು ಜಾಸ್ತಿ ಕಪ್ಪು. ಅದನ್ನೇ ಬರೆಯಿರಿ.

ಮಡಗಾಂವ್‌ನಿಂದ:
ಫಾರ್ಸಿ! ಬೈರಿ ಬೇಡ ಅಂದರೆ ಶಾಹೀನ್ ತಂದಿರಿ. ಇನ್ನು ಹಕ್ಕಿಗೂ ಬೇರೆ ಪದ ಹುಡುಕುತ್ತೀರಾ?

ಮುಲುಂಡ್‌ನಿಂದ:
ಜಮೀನು, ಕಾಗದ, ರುಮಾಲು ಈ ಮೂರನ್ನು ಬಿಟ್ಟು ಒಂದು ದಿನ ಮಾತಾಡಿ ನೋಡಿ. ನಿಮ್ಮ ಶಾವಕ ಯಾವ ಊರಿನದು? ಸಂಸ್ಕೃತದಿಂದ ತಂದರೆ ಸಾಲ ಅಲ್ವಾ?

ಮಡಗಾಂವ್‌ನಿಂದ:
ತತ್ಸಮಕ್ಕೂ ಸಾಲಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಮಾಡಲ್ಲ.

ಪುಣೆಯಿಂದ:
ತಲೆಬರಹ 'ಬೈರಿ', ಕೆಳಗೆ ಚಿಕ್ಕದಾಗಿ 'ಶಾಹೀನ್'. ಮೂರನೆಯ ಚಿತ್ರಕ್ಕೆ 'ಹಾರುಮರಿ'. ಗೂಡು ತೆಗೆದೆ. ಸಾಲದ ಜಗಳಕ್ಕೆ ದಯವಿಟ್ಟು ಬೇರೆ ತಲೆಬರಹ ಹಾಕಿಕೊಳ್ಳಿ. ನನಗಿನ್ನೂ ಹದ್ದಿನ ಫಲಕ ಬಾಕಿ ಇದೆ.