ಫೋನ್ ಬ್ಯಾರೋಮೀಟರ್ 912 ಅನ್ನುತ್ತದೆ, ಹವಾಮಾನ ಆ್ಯಪ್ 1009 ಅನ್ನುತ್ತದೆ. ಯಾವುದನ್ನು ನಂಬಬೇಕು?

ಪ್ರಶ್ನೆ
ಜಾಗ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಫೋನಿನ ಬ್ಯಾರೋಮೀಟರ್ 912 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ತೋರಿಸುವಾಗ ಆ್ಯಪ್‌ನಲ್ಲಿ 1009 ಇರುತ್ತದೆ. ಸೆನ್ಸರ್ ಕೆಟ್ಟಿದೆಯಾ? ಇನ್ನೊಂದು: ಬೆಳಗ್ಗೆಯಿಂದ ಸಂಜೆಯೊಳಗೆ ದಿನಾ ಮೂರು ಅಂಕ ಇಳಿಯುತ್ತದೆ. ಒತ್ತಡ ಇಳಿದರೆ ಮಳೆ ಅಂತಾರೆ, ಮಳೆಯಂತೂ ಇಲ್ಲ.

ಉತ್ತರ 1
ಸೆನ್ಸರ್ ಚೆನ್ನಾಗಿಯೇ ಇದೆ. ಫೋನ್ ಅಳೆಯುವುದು ನೀವು ನಿಂತ ಜಾಗದ ಮೇಲಿರುವ ಗಾಳಿಯ ಭಾರವನ್ನು. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 10 ಟನ್ ಗಾಳಿ ಇರುತ್ತದೆ. 900 ಮೀಟರ್ ಏರಿದಾಗ ಅದರಲ್ಲಿ ಹತ್ತಿರ ಹತ್ತಿರ ಒಂದು ಟನ್ ನಿಮಗಿಂತ ಕೆಳಗೆ ಉಳಿದುಬಿಡುತ್ತದೆ. ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ. ಹಾಗೆ ಇಳಿಸದಿದ್ದರೆ ಹವಾಮಾನ ನಕ್ಷೆಯಲ್ಲಿ ಬೆಟ್ಟಗಳೆಲ್ಲ ವಾಯುಭಾರ ಕುಸಿತದಂತೆ ಕಾಣುತ್ತವೆ.

ನೀವೇ ಲೆಕ್ಕ ಹಾಕಬಹುದು. ಹೊರಗಿನ ತಾಪಮಾನ 27 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಅದಕ್ಕೆ 273 ಕೂಡಿಸಿದರೆ 300. ಎತ್ತರವನ್ನು 0.00325ರಿಂದ ಗುಣಿಸಿ (2.9) ಅದನ್ನೂ ಕೂಡಿಸಿ: 302.9. ಇದು ನಿಮಗೂ ಸಮುದ್ರಮಟ್ಟಕ್ಕೂ ನಡುವೆ ಗಾಳಿ ಇದ್ದಿದ್ದರೆ ಇರುತ್ತಿದ್ದ ಸರಾಸರಿ ತಾಪಮಾನ. 29.3ರಿಂದ ಗುಣಿಸಿದರೆ 8875. 900ನ್ನು ಇದರಿಂದ ಭಾಗಿಸಿದರೆ 0.1014. 2.718ರ ಘಾತವಾಗಿ ಇದನ್ನು ಹಾಕಿದರೆ 1.1067. ಕೊನೆಗೆ 912 × 1.1067 = 1009.

ಉತ್ತರ 2
ಲೆಕ್ಕ ಸರಿ, ಆದರೆ ಅದಕ್ಕೆ ಹಾಕುವ ಅಂಕಿಗಳಲ್ಲೇ ಜನ ಎಡವುವುದು. ಎತ್ತರ 10 ಮೀಟರ್ ತಪ್ಪಿದರೆ ಉತ್ತರ ಒಂದು ಹೆಕ್ಟೋಪ್ಯಾಸ್ಕಲ್‌ಗಿಂತ ತುಸು ಹೆಚ್ಚೇ ತಪ್ಪುತ್ತದೆ. ಜಿಪಿಎಸ್ ಎತ್ತರವನ್ನು ಹಾಗೇ ತೆಗೆದುಕೊಳ್ಳಬೇಡಿ: ಅನೇಕ ಆ್ಯಪ್‌ಗಳು ಅದನ್ನು ನಿಜವಾದ ಸಮುದ್ರಮಟ್ಟದಿಂದಲ್ಲ, ಭೂಮಿಗೆ ಹೊಂದಿಸಿದ ಒಂದು ಗಣಿತದ ದೀರ್ಘಗೋಳದಿಂದ ಅಳೆಯುತ್ತವೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸಮುದ್ರಮಟ್ಟ ಆ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಅಂಥ ಕಡೆ ಒತ್ತಡದ ಲೆಕ್ಕ ಹತ್ತು ಅಂಕಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ. ಭೂನಕ್ಷೆಯ ಎತ್ತರ ವಾಸಿ.

ತಾಪಮಾನವೂ ಅಷ್ಟೆ. ಅದೇ 912ಕ್ಕೆ 27ರ ಬದಲು 17 ಡಿಗ್ರಿ ಹಾಕಿ ನೋಡಿ, 1013ರ ಹತ್ತಿರ ಬರುತ್ತದೆ. ಅದಕ್ಕೇ ಕೆಲವು ಹವಾಮಾನ ಕೇಂದ್ರಗಳು ಈಗಿನ ಮತ್ತು 12 ಗಂಟೆ ಹಿಂದಿನ ತಾಪಮಾನಗಳ ಸರಾಸರಿ ಬಳಸುತ್ತವೆ. ಫೋನಿನ ಒಳಗಿನ ಬಿಸಿಯನ್ನಂತೂ ಹಾಕಲೇಬೇಡಿ.

ಪ್ರಶ್ನೆ ಕೇಳಿದವರು
ನಕ್ಷೆಯ ಎತ್ತರ ಹಾಕಿದೆ, ಆ್ಯಪ್‌ಗೆ ಒಂದು ಅಂಕದೊಳಗೆ ಹೊಂದಿತು. ಹಾಗಾದರೆ ದಿನದ ಇಳಿತ?

ಉತ್ತರ 3
ಅದು ವಾತಾವರಣದ ಉಬ್ಬರವಿಳಿತ. ಕಡಲಿನದು ಮುಖ್ಯವಾಗಿ ಚಂದ್ರನ ಸೆಳೆತದಿಂದ, ಇದು ಬಿಸಿಲಿನ ಶಾಖದಿಂದ: ಮೇಲೆ ಓಝೋನ್, ಕೆಳಗೆ ನೀರಾವಿ ಬಿಸಿಲನ್ನು ಹೀರಿ ಇಡೀ ವಾತಾವರಣವನ್ನು ತೂಗಿಸುತ್ತವೆ. ಒತ್ತಡ ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿರುತ್ತದೆ, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಇಳಿದಿರುತ್ತದೆ. ಉಷ್ಣವಲಯದಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ, ಧ್ರುವಗಳತ್ತ ಹೋದಂತೆ ಸಣ್ಣದಾಗುತ್ತದೆ.

ಹಾಗಾಗಿ ಸಂಜೆ ನಾಲ್ಕರ ರೀಡಿಂಗನ್ನು ನಿನ್ನೆ ಸಂಜೆ ನಾಲ್ಕರದಕ್ಕೇ ಹೋಲಿಸಿ, ಅದೂ ಅದೇ ಮಹಡಿಯಲ್ಲಿ, ಫೋನ್ ಚಾರ್ಜಿಗೆ ಹಾಕದೆ. ಒಂದು ಮಹಡಿ ಹತ್ತಿದರೇ 0.3 ಇಳಿಯುತ್ತದೆ. ಉಷ್ಣವಲಯದ ಕಡಲಿನಲ್ಲಿ ನಾವಿಕರು ಈ ದೈನಂದಿನ ಏರಿಳಿತ ಕಳೆದ ಮೇಲೂ ಒತ್ತಡ ಆ ಋತುವಿನ ಸರಾಸರಿಗಿಂತ 3 ಅಂಕ ಕಡಿಮೆಯಿದ್ದರೆ ಚಂಡಮಾರುತದ ಗುಮಾನಿ ಪಡುತ್ತಾರೆ, 5 ಕಡಿಮೆಯಿದ್ದರೆ ಅನುಮಾನವೇ ಇಟ್ಟುಕೊಳ್ಳುವುದಿಲ್ಲ.

ಗುಡುಗು ಮಳೆಗೆ ಮಾತ್ರ ಈ ಲೆಕ್ಕ ನೆಚ್ಚಬೇಡಿ. ಅದರ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು, ಹಿಂದಿನ ದಿನ ಬ್ಯಾರೋಮೀಟರ್‌ಗೆ ಸುಳಿವೇ ಸಿಗದು. ಮಳೆ ಸುರಿಯುವ ಹೊತ್ತಿಗೆ ಒತ್ತಡ ಇಳಿಯುವ ಬದಲು ಥಟ್ಟನೆ ಒಂದೆರಡು ಅಂಕ ಏರುವುದೂ ಉಂಟು. ಹನಿ ಆವಿಯಾಗಿ ತಣಿದ ಗಾಳಿ ಭಾರವಾಗಿ ಕೆಳಗೆ ಸುರಿಯುವುದರಿಂದ ಹಾಗಾಗುತ್ತದೆ.