ಸೋತ ಹತ್ತೇ ನಿಮಿಷಕ್ಕೆ ಮೈಕ್ ಮುಂದೆ ಕೂರುವ ಕೋಚ್‌ಗೆ ನಿಮ್ಮ ಸಲಹೆ ಬೇಕು

ಪ್ರಶ್ನೆ

ನಮ್ಮಣ್ಣ ಅಮೆರಿಕದ ಡಿವಿಷನ್ ಒನ್ (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜೊಂದರಲ್ಲಿ ಪುರುಷರ ಬಾಸ್ಕೆಟ್‌ಬಾಲ್ ತಂಡದ ಸಹಾಯಕ ಕೋಚ್ ಆಗಿದ್ದ. ಸೀಸನ್ ಮಧ್ಯದಲ್ಲಿ ಮುಖ್ಯ ಕೋಚ್ ಬಿಟ್ಟು ಹೋದರು, ಈಗ ಹಂಗಾಮಿಯಾಗಿ ಇವನೇ ಮುಖ್ಯ ಕೋಚ್. ಆಟದ ವಿಷಯದಲ್ಲಿ ಅವನಿಗೆ ಭಯವಿಲ್ಲ. ಆದರೆ ಸೋತ ಕೂಡಲೇ ಪತ್ರಿಕಾಗೋಷ್ಠಿಯಲ್ಲಿ ಕೂರುವುದು, ರೆಫರಿ ಮೇಲಿನ ಸಿಟ್ಟು ನುಂಗಿಕೊಳ್ಳುವುದು, ರಾತ್ರಿಯಿಡೀ ಫೋನಿನಲ್ಲಿ ಬರುವ ಬೈಗುಳ ಇವೆಲ್ಲ ಹೊಸದು. ಈ ಕೆಲಸ ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಿರಿ. ಧೈರ್ಯ ತುಂಬುವ ಮಾತಿಗಿಂತ, ಯಾವಾಗ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದು ಬೇಕಾಗಿದೆ.

ಉತ್ತರ 1 – ತಂಡದ ಮಾಧ್ಯಮ ವ್ಯವಹಾರ ನೋಡಿಕೊಳ್ಳುವವರಿಂದ

ಮೊದಲು ಗಡಿಯಾರ ನೋಡೋಣ. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಮಾರ್ಚ್ ಟೂರ್ನಿಯಲ್ಲಿ ಆಟ ಮುಗಿದ ಮೇಲೆ ತಂಡಕ್ಕೆ ಸಿಗುವ ಬಿಡುವು 10 ನಿಮಿಷ. ಆಮೇಲೆ ಲಾಕರ್ ರೂಮಿನ ಬಾಗಿಲು ಪತ್ರಕರ್ತರಿಗೆ ತೆರೆಯುತ್ತದೆ, ಕೋಚ್ ಮತ್ತು ಆಯ್ದ ಆಟಗಾರರು ಗೋಷ್ಠಿಗೆ ಬರಲೇಬೇಕು. ಉಳಿದ ಪಂದ್ಯಗಳಲ್ಲಿ ಇದು ಆಯಾ ಕಾನ್ಫರೆನ್ಸಿನ (ಕಾಲೇಜುಗಳು ಸೇರಿ ಆಡುವ ಗುಂಪಿನ) ಪದ್ಧತಿಯಂತೆ ನಡೆಯುತ್ತದೆ. ಆದರೂ ಎಲ್ಲ ಪಂದ್ಯಕ್ಕೂ ಹತ್ತು ನಿಮಿಷವೆಂದೇ ರೂಢಿ ಮಾಡಿಕೊಂಡರೆ ಮಾರ್ಚ್‌ನಲ್ಲಿ ತಡಬಡಾಯಿಸಬೇಕಿಲ್ಲ. ಹೆಚ್ಚಿನವರು ಈ ಹತ್ತೂ ನಿಮಿಷ ಹುಡುಗರ ಮುಂದೆ ಕೂಗಾಡಿ ಮುಗಿಸುತ್ತಾರೆ. ಅದೇ ಬಿಸಿಯಲ್ಲಿ ಮೈಕ್ ಮುಂದೆ ಕೂತರೆ ಒಳಗೆ ಆಡಿದ ಮಾತೇ ಹೊರಗೂ ಬರುತ್ತದೆ.

ಲಾಕರ್ ರೂಮಿಗೆ ಎರಡು ನಿಮಿಷ ಸಾಕು, ಹೆಚ್ಚೆಂದರೆ ಮೂರು. ನಾಳೆ ಎಷ್ಟು ಗಂಟೆಗೆ ಸೇರಬೇಕು, ಯಾರಿಗೆ ಏಟಾಗಿದೆ, ಗೋಷ್ಠಿಗೆ ಯಾರು ಬರುತ್ತಾರೆ, ಇಷ್ಟು ಹೇಳಿ. ಯಾರ ಆಟ ಹೇಗಿತ್ತು ಎಂಬ ವಿಚಾರಣೆ ಆ ರಾತ್ರಿ ಬೇಡ. ಮುಂದಿನ ಎರಡು ನಿಮಿಷ ಒಬ್ಬರೇ ಇರುವ ಕೋಣೆಯಲ್ಲಿ ಮುಖಕ್ಕೆ ತಣ್ಣೀರು, ಕುಡಿಯಲು ಒಂದು ಲೋಟ ನೀರು. ಉಳಿದದ್ದು ಕ್ರೀಡಾ ಮಾಹಿತಿ ನಿರ್ದೇಶಕರ ಜೊತೆ. ಅವರು ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಅಂಶದ ಹಾಳೆ ತರುತ್ತಾರೆ. ಅದರಲ್ಲಿ ಮೂರೇ ಅಂಕಿಗೆ ಗುರುತು ಹಾಕಿಸಿ: ನಮ್ಮ ಟರ್ನೋವರ್‌ಗಳಿಂದ (ನಾವು ಚೆಂಡು ಕಳೆದುಕೊಂಡದ್ದರಿಂದ) ಎದುರಾಳಿ ಗಳಿಸಿದ ಅಂಕ, ಅವರ ಆಫೆನ್ಸಿವ್ ರಿಬೌಂಡ್ (ತಮ್ಮದೇ ತಪ್ಪಿದ ಶಾಟ್‌ನ ಚೆಂಡನ್ನು ಅವರು ಮತ್ತೆ ಹಿಡಿದದ್ದು), ನಮ್ಮ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಲೆಕ್ಕ. ಸಿಟ್ಟಿನಲ್ಲಿರುವವರ ಬಾಯಿಗೆ ಮೊದಲು ಬರುವುದು ಯಾರದಾದರೂ ಹೆಸರು. ಕಣ್ಣೆದುರು ಅಂಕಿ ಇದ್ದರೆ ಮಾತು ಆಟದ ಮೇಲೆ ನಿಲ್ಲುತ್ತದೆ.

ಆ ಮೇಲೆ ನಿರ್ದೇಶಕರು ಅಂದಿನ ಮೂರು ಅತಿ ಕಟುವಾದ ಪ್ರಶ್ನೆಗಳನ್ನು ಪತ್ರಕರ್ತರ ಧಾಟಿಯಲ್ಲೇ ಕೇಳಬೇಕು, ಕೋಚ್ ಬಾಯಿಬಿಟ್ಟು ಉತ್ತರಿಸಬೇಕು. ಮನಸ್ಸಿನಲ್ಲೇ ಅಂದುಕೊಂಡ ಉತ್ತರ ಬಾಯಿಗೆ ಬರುವಾಗ ಬೇರೆಯಾಗಿರುತ್ತದೆ. ಈ ಹಂತವನ್ನು ಬಿಟ್ಟವರು ಮೊದಲ ಕಟು ಪ್ರಶ್ನೆಗೇ ಎಡವುತ್ತಾರೆ.

ಆರಂಭದ ಹೇಳಿಕೆ ಒಂದು ನಿಮಿಷ ಮೀರದಿರಲಿ. ಎದುರಾಳಿ ಏನನ್ನು ಚೆನ್ನಾಗಿ ಮಾಡಿದರು, ನಾವು ಎಲ್ಲಿ ಸೋತೆವು, ನಾಳೆ ಯಾವುದರ ಮೇಲೆ ಕೆಲಸ. ಇದನ್ನು ಗೆದ್ದ ದಿನವೂ ಇದೇ ಕ್ರಮದಲ್ಲಿ ಹೇಳಿ ಬಾಯಿಗೆ ಪಾಠ ಮಾಡಿಕೊಳ್ಳಬೇಕು. ಸೋತ ದಿನ ತಲೆ ಕೆಲಸ ಮಾಡದಿದ್ದರೂ ಬಾಯಿ ದಾರಿ ತಪ್ಪುವುದಿಲ್ಲ.

ಇನ್ನು ಎಲ್ಲರೂ ಬೀಳುವ ಹಳ್ಳ. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ಕಟ್ಟುವ ಹುಡುಗ, ಅವನ ಬಗ್ಗೆ ಪತ್ರಕರ್ತರು ಕೇಳುತ್ತಾರೆ: “ಕೊನೆಯ ಎರಡು ನಿಮಿಷದಲ್ಲಿ ನಿಮ್ಮ ಪಾಯಿಂಟ್ ಗಾರ್ಡ್ ಹೆದರಿಬಿಟ್ಟನಾ?” ಕೋಚ್ ಪಾಪ, ಹುಡುಗನ ಪರವಾಗಿಯೇ ಹೇಳುತ್ತಾರೆ: “ಇಲ್ಲ, ಅವನು ಹೆದರಿಲ್ಲ.” ಮರುದಿನ ತಲೆಬರಹದಲ್ಲಿ ಹುಡುಗನ ಹೆಸರಿನ ಪಕ್ಕ ‘ಹೆದರಿಕೆ’ ಕೂತಿರುತ್ತದೆ. ಪ್ರಶ್ನೆಯಲ್ಲಿರುವ ಕೆಟ್ಟ ಪದವನ್ನು ಅಲ್ಲಗಳೆಯಲಿಕ್ಕೂ ಬಾಯಿಗೆ ತರಬಾರದು. “ಅವರು ಇಬ್ಬರು ಬಂದು ಅವನನ್ನು ಸುತ್ತುಗಟ್ಟಿ ಟ್ರ್ಯಾಪ್ ಮಾಡಿದರು. ನಮ್ಮವನೊಬ್ಬ ನಡುವೆ ಬಂದು ಪಾಸ್‌ಗೆ ದಾರಿ ಕೊಡಬೇಕಿತ್ತು, ಆ ಜಾಗ ಖಾಲಿ ಬಿತ್ತು. ಅದನ್ನು ಅಭ್ಯಾಸ ಮಾಡಿಸಬೇಕಾದದ್ದು ನನ್ನ ಕೆಲಸ.” ಇದರಲ್ಲಿ ಪ್ರಶ್ನೆಗೆ ಉತ್ತರವಿದೆ, ಬರೆಯುವವರಿಗೆ ಆಟದ ವಿವರವಿದೆ, ಹುಡುಗನ ಮೇಲೆ ಕಲೆಯಿಲ್ಲ.

ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡ ವಿಷಯ ಇದೇ. ಕೋಚ್ ನೋಡುತ್ತಿರುವುದು ಪತ್ರಕರ್ತರನ್ನು, ಆದರೆ ನಿಜವಾಗಿ ಕೇಳಿಸಿಕೊಳ್ಳುವವರು ಅವರ ಹುಡುಗರು. ಕೋಚ್ ಬಸ್ ಹತ್ತುವ ಮೊದಲೇ ಆ ತುಣುಕು ಹುಡುಗರ ಫೋನಿನಲ್ಲಿರುತ್ತದೆ. ಆಟಗಾರರು ಬೇರೆ ಕಾಲೇಜಿಗೆ ಹೋಗಲು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ 2018ರಿಂದ ಇದೆ, 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು ಎನ್ನಿಸಿದ ಹುಡುಗ ಏಪ್ರಿಲ್‌ನಲ್ಲಿ ಬೇರೆ ತಂಡ ನೋಡಿಕೊಳ್ಳುತ್ತಾನೆ. ಹಾಗಾಗಿ ಉತ್ತರ ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಾಕ್ಯವನ್ನು ಆ ಹುಡುಗನ ತಾಯಿಯ ಮುಂದೆ ಹೇಳುತ್ತೇನಾ?

ಮಾದರಿ ಬೇಕಿದ್ದರೆ 2018ರ ಮಾರ್ಚ್ 16 ನೋಡಿ. ವರ್ಜೀನಿಯಾ ಒಂದನೇ ಶ್ರೇಯಾಂಕದ ತಂಡ, ಕಟ್ಟಕಡೆಯ, ಹದಿನಾರನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿ) ಕೈಲಿ 74–54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗೆ ಆದದ್ದು ಅದೇ ಮೊದಲು. ಕೋಚ್ ಟೋನಿ ಬೆನೆಟ್ ಕ್ಯಾಮೆರಾ ಮುಂದೆ ನಿಂತು, ಎದುರಾಳಿ ನಮಗಿಂತ ಚೆನ್ನಾಗಿ ಆಡಿದರು ಎಂದು ನೆಪವಿಲ್ಲದೆ ಒಪ್ಪಿಕೊಂಡರು. ತಂಡ ಚದುರಲಿಲ್ಲ. 2019ರ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಅನ್ನು ಓವರ್‌ಟೈಮ್‌ನಲ್ಲಿ 85–77ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಸಂದರ್ಶನದಿಂದ ಪ್ರಶಸ್ತಿ ಬಂತು ಎನ್ನುತ್ತಿಲ್ಲ. ಆ ರಾತ್ರಿ ಅವರು ಒಬ್ಬ ಹುಡುಗನ ಮೇಲೆ ಬೆರಳು ತೋರಿಸಿದ್ದರೆ ಅದೇ ಹುಡುಗರನ್ನು ಮರುವರ್ಷ ಒಟ್ಟಿಗೆ ಕಟ್ಟುವುದು ಎಷ್ಟು ಕಷ್ಟವಾಗುತ್ತಿತ್ತು, ಯೋಚಿಸಿ.

ಉತ್ತರ 2 – ಬೆಂಚಿನ ಕೆಲಸ ಬಲ್ಲವರಿಂದ

ಮೇಲಿನವರು ಗೋಷ್ಠಿಯ ಬಗ್ಗೆ ಬರೆದಿದ್ದಾರೆ, ಆದರೆ ಸಿಟ್ಟು ಕೆಡಿಸುವುದು ಅದಕ್ಕೂ ಮೊದಲು, ಅಂಕಣದ ಬದಿಯಲ್ಲಿ. ಪುರುಷರ ಕಾಲೇಜ್ ಆಟದಲ್ಲಿ ಅಸಭ್ಯ ವರ್ತನೆಯ ಟೆಕ್ನಿಕಲ್ ಫೌಲ್ ಅಂದರೆ ಎದುರಾಳಿಗೆ ಎರಡು ಫ್ರೀ ಥ್ರೋ, ಅಂಥ ಎರಡಾದರೆ ಕೋಚ್ ಹೊರಕ್ಕೆ. ಕೋಚ್ ಓಡಾಡುವ ಬಾಕ್ಸ್ ಈಗ 38 ಅಡಿ ಉದ್ದ. ಜಾಗ ಉದ್ದವಾದಷ್ಟೂ ರೆಫರಿಯನ್ನು ಬೆನ್ನಟ್ಟುವ ಆಸೆ ಹೆಚ್ಚು.

ಒಬ್ಬ ಸಹಾಯಕ ಕೋಚ್‌ಗೆ ಸೀಸನ್ ಪೂರ್ತಿ ಒಂದೇ ಹೆಚ್ಚುವರಿ ಕೆಲಸ ಕೊಡಿ: ಮುಖ್ಯ ಕೋಚ್‌ನನ್ನು ನೋಡುವುದು. ಮೊದಲೇ ಗೊತ್ತು ಮಾಡಿಕೊಂಡ ಒಂದು ಪದ ಇರಲಿ. ಅದು ಕಿವಿಗೆ ಬಿದ್ದ ಕೂಡಲೇ ಕೋಚ್ ರೆಫರಿಗೆ ಬೆನ್ನು ಹಾಕಿ ಬೆಂಚ್ ಕಡೆ ತಿರುಗಬೇಕು, ವಾದ ಬೇಡ. ಬೆಂಚ್ ಕಡೆ ತಿರುಗಿದಾಗ ಕೇಳಲು ಒಂದು ಪ್ರಶ್ನೆಯೂ ಸಿದ್ಧವಿರಲಿ, “ಯಾರಿಗೆ ಎಷ್ಟು ಫೌಲ್?” ಅನ್ನುವಂಥದ್ದು. ಕೈಗೆ ಕೆಲಸ ಸಿಕ್ಕರೆ ಸಿಟ್ಟು ಇಳಿಯುತ್ತದೆ, ಸುಮ್ಮನೆ ನಿಂತರೆ ಏರುತ್ತದೆ. ಈ ಕೆಲಸಕ್ಕೆ ಹಂಗಾಮಿ ಕೋಚ್‌ಗೆ ಹೆದರುವ ಕಿರಿಯರನ್ನು ನೇಮಿಸಬೇಡಿ, ಅವರು ಬಾಯಿ ಬಿಡುವುದಿಲ್ಲ. ಹೆಸರು ಹಿಡಿದು ಕರೆಯಬಲ್ಲವರೇ ಬೇಕು.

ರೆಫರಿ ಜೊತೆ ಮಾತಾಡಲೇಬೇಕೆಂದರೆ ಚೆಂಡು ನಿಂತಿರುವಾಗ, ತಗ್ಗಿದ ದನಿಯಲ್ಲಿ, ಪ್ರಶ್ನೆಯ ರೂಪದಲ್ಲಿ: “ಆ ಸ್ಕ್ರೀನ್ ಚಲಿಸುತ್ತಿತ್ತಲ್ಲವೇ?” (ಸ್ಕ್ರೀನ್ ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು, ನಿಂತವನು ಅಲುಗಾಡಬಾರದು.) ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಬಾಕಿಯಿರುವಾಗಿನ ಮಾಧ್ಯಮ ಟೈಮ್‌ಔಟ್‌ಗಳೇ (ಟಿವಿ ಜಾಹೀರಾತಿನ ವಿರಾಮಗಳೇ) ಅದಕ್ಕೆ ಸಿಗುವ ಅವಕಾಶ. ಅದರಲ್ಲೂ ಮೊದಲ ಅರ್ಧ ನಿಮಿಷ ಸಹಾಯಕರ ಜೊತೆ ಮಾತಾಡಿ, ನಂತರ ಆಟಗಾರರ ಹತ್ತಿರ ಹೋದರೆ ದನಿ ಬೇರೆಯೇ ಇರುತ್ತದೆ.

ಅರ್ಧಾವಧಿಯ ಬಿಡುವು 15 ನಿಮಿಷ. ಟಿವಿ ಪಂದ್ಯಗಳಲ್ಲಿ ಕೋಚ್ ಒಳಗೆ ಹೋಗುವ ದಾರಿಯಲ್ಲೇ ವರದಿಗಾರರು ಮೈಕ್ ಹಿಡಿಯುತ್ತಾರೆ. ಎರಡು ವಾಕ್ಯ ಸಾಕು: ಸರಿಯಾಗಿರುವುದು ಒಂದು, ತಿದ್ದಬೇಕಾದದ್ದು ಒಂದು. ರೆಫರಿಗಳ ಸುದ್ದಿ ಬಂದರೆ ಮತ್ತೆ ರಿಬೌಂಡಿಂಗ್‌ನಂಥ ಆಟದ ಮಾತಿಗೆ ಹೋಗಿ.

ಎಲ್ಲರೂ ಮರೆಯುವ ಅಪಾಯದ ಜಾಗ ಆಟ ಮುಗಿದ ಮೇಲಿನ ಕೈಕುಲುಕುವ ಸಾಲು. 2022ರ ಫೆಬ್ರವರಿ 20ರಂದು ವಿಸ್ಕಾನ್ಸಿನ್ ಗೆಲ್ಲುವ ಹೊತ್ತಿಗೆ ಅವರ ಕೋಚ್ ಗ್ರೆಗ್ ಗಾರ್ಡ್ ತಡವಾಗಿ ಟೈಮ್‌ಔಟ್ ಕರೆದರು. ಮಿಷಿಗನ್‌ನ ಕೋಚ್ ಜುವಾನ್ ಹವರ್ಡ್ ಸಾಲಿನಲ್ಲಿ ಅದನ್ನೇ ಎತ್ತಿದರು, ಮಾತು ಬೆಳೆಯಿತು, ಕೊನೆಗೆ ಎದುರಾಳಿ ಸಹಾಯಕ ಕೋಚ್‌ನ ತಲೆಗೆ ಕೈ ತಗುಲಿತು. ಹವರ್ಡ್‌ಗೆ ಐದು ಪಂದ್ಯ ಅಮಾನತು, 40,000 ಡಾಲರ್ ದಂಡ. ಗಾರ್ಡ್‌ಗೂ 10,000 ಡಾಲರ್ ದಂಡ ಬಿತ್ತು. ಆ ಸಾಲಿನಲ್ಲಿ ನಿಲ್ಲಬಾರದು, ನಡೆಯುತ್ತಲೇ ಇರಬೇಕು. ಕೈ ಕೊಟ್ಟು, “ಚೆನ್ನಾಗಿ ಆಡಿದಿರಿ” ಎಂದು ಮುಂದಕ್ಕೆ. ದೂರು ಏನಿದ್ದರೂ ಮರುದಿನ ಫೋನಿನಲ್ಲಿ. ನೋಡಿಕೊಳ್ಳುವ ಆ ಸಹಾಯಕರು ಬಝರ್ ಆದ ಕ್ಷಣದಿಂದ ಕೋಚ್‌ನ ಬೆನ್ನ ಹಿಂದೆಯೇ ಇರಬೇಕು.

ಗೆಲುವಿನಲ್ಲೂ ಹಿಡಿತ ಬೇಕು. 2016ರ ಫೈನಲ್‌ನಲ್ಲಿ ಕೊನೆಯ ಕ್ಷಣದ ಶಾಟ್‌ನಿಂದ ವಿಲನೋವಾ 77–74ರಿಂದ ಗೆದ್ದಾಗ ಕೋಚ್ ಜೇ ರೈಟ್ ಕುಣಿಯಲಿಲ್ಲ. ನೇರವಾಗಿ ಎದುರಾಳಿ ಕೋಚ್ ಕಡೆ ಕೈಕುಲುಕಲು ನಡೆದರು.

ಉತ್ತರ 3 – ಕ್ರೀಡಾ ಮನಶ್ಶಾಸ್ತ್ರ ಬಲ್ಲವರಿಂದ

ಮೇಲಿನ ಎರಡೂ ಉತ್ತರ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಪ್ರಶ್ನೆಯಲ್ಲಿ ‘ಸಿಟ್ಟು ನುಂಗಿಕೊಳ್ಳುವುದು’ ಎಂದಿದೆ. ನುಂಗಿದ ಸಿಟ್ಟು ಮುಖದಿಂದ ಮರೆಯಾಗುತ್ತದೆ, ದೇಹದಿಂದ ಅಲ್ಲ. ಎದೆಬಡಿತ ಹಾಗೇ ಇರುತ್ತದೆ, ಮುಖ ಗಟ್ಟಿಯಾಗಿ ಹಿಡಿದುಕೊಳ್ಳಲು ಗಮನವೆಲ್ಲ ಖರ್ಚಾಗಿ, ಕೇಳಿದ ಪ್ರಶ್ನೆಯೇ ಅರ್ಧ ಮರೆತುಹೋಗುತ್ತದೆ. “ಬೇಸರವಾಗಿದೆ, ಈ ಸೋಲು ನೋಯಿಸುತ್ತದೆ” ಎಂದು ಒಂದೇ ಸಲ ಹೆಸರಿಟ್ಟು ಹೇಳಿ ಮುಂದಕ್ಕೆ ಹೋಗುವುದು ಲೇಸು. ಹೇಳುವ ಭಾವನೆ ತನ್ನದಾಗಿರಲಿ. “ಹುಡುಗರು ನನ್ನನ್ನು ನಿರಾಸೆಗೊಳಿಸಿದರು” ಎಂದರೆ ಅದು ಭಾವನೆಯಲ್ಲ, ಆರೋಪ.

ಮೇಲಿನವರು ಕೊಟ್ಟ ಆ ಎರಡು ನಿಮಿಷದ ಏಕಾಂತದಲ್ಲಿ ಉಸಿರಾಟ ಮಾಡಿಸಿ. ಮೂಗಿನಿಂದ ನಾಲ್ಕು ಸೆಕೆಂಡ್ ಒಳಗೆ, ತುಟಿ ಸಣ್ಣ ಮಾಡಿ ಆರು ಸೆಕೆಂಡ್ ಹೊರಗೆ. ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿ ಇಳಿಯುತ್ತದೆ, ಅದಕ್ಕೇ ಬಿಡುವುದು ಉದ್ದ. ಇದು ಕೈಕೊಡುವುದು ಒಂದೇ ಕಾರಣಕ್ಕೆ: ಪಂದ್ಯದ ರಾತ್ರಿಯೇ ಮೊದಲ ಸಲ ಮಾಡಿ ನೋಡುವುದು. ದಿನವೂ ಐದು ನಿಮಿಷದಂತೆ ಕೆಲವು ವಾರ ಮಾಡಿದ ಮೇಲೆಯೇ ಬಿಸಿಯಲ್ಲಿ ಕೈಗೆ ಸಿಗುತ್ತದೆ. ತಲೆ ಸುತ್ತಿದರೆ ಉಸಿರು ಜೋರಾಯಿತೆಂದು ಅರ್ಥ, ಮೆಲ್ಲಗೆ ಮಾಡಿ.

ಕಣ್ಣೀರು ಬಂದರೆ? ಕೊನೆಯ ವರ್ಷದ ಹುಡುಗರ ಕೊನೆಯ ಪಂದ್ಯದಲ್ಲಿ ಬರುತ್ತದೆ, ಬರಲಿ. ಮಾತು ನಿಲ್ಲಿಸಿ, ನೀರಿನ ಗುಟುಕು ತೆಗೆದುಕೊಂಡು, ಮೇಜಿನ ಮೇಲಿನ ಕಾಗದ ನೋಡಿ, ಮತ್ತೆ ಶುರು ಮಾಡಬಹುದು. ಎದ್ದು ಹೋಗುವುದು ಬೇಡ.

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಫಿಯ ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು, ರಾತ್ರಿ ಪಂದ್ಯವಿದ್ದರೆ ಮಧ್ಯಾಹ್ನಕ್ಕೇ ನಿಲ್ಲಿಸಿ. ಪಂದ್ಯದ ವಿಡಿಯೋ ಅದೇ ರಾತ್ರಿ ಎರಡು ಗಂಟೆವರೆಗೆ ನೋಡುವ ಚಟ ಬಿಡಿಸಿ. ನಿದ್ದೆಗೆಟ್ಟ ಕೋಚ್‌ನ ತಾಳ್ಮೆ ಮರುದಿನದ ಅಭ್ಯಾಸದಲ್ಲೇ ಒಡೆಯುತ್ತದೆ.

ಉತ್ತರ 4 – ನಿಯಮಪಾಲನೆ ವಿಭಾಗದವರಿಂದ, ಚಿಕ್ಕದಾಗಿ

ಭಾವನೆಯ ಭರದಲ್ಲಿ ಬಾಯಿ ಜಾರಬಾರದ ನಾಲ್ಕು ವಿಷಯ. ಆಟಗಾರನ ಓದು, ಅಂಕ, ಶಿಸ್ತುಕ್ರಮ: ವಿದ್ಯಾರ್ಥಿ ದಾಖಲೆಗಳ ಗೌಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನಡಿ ಖಾಸಗಿ. ಗಾಯದ ವಿವರ: ಆಟಗಾರನ ಒಪ್ಪಿಗೆ ಇದ್ದಷ್ಟೇ ಹೇಳಬೇಕು. ಕಾಲೇಜು ತಂಡ ಸೇರಲು ಇನ್ನೂ ಸಹಿ ಹಾಕದ ಹೈಸ್ಕೂಲ್ ಹುಡುಗ: ಅವನ ಮೇಲೆ ಆಸಕ್ತಿ ಇದೆ ಎಂಬುದಕ್ಕಿಂತ ಹೆಚ್ಚು ಬಹಿರಂಗವಾಗಿ ಹೇಳುವಂತಿಲ್ಲ, ಹೊಗಳಿಕೆಯೂ ಸಲ್ಲ. ರೆಫರಿ: ಬಹಿರಂಗ ಟೀಕೆಗೆ ಕಾನ್ಫರೆನ್ಸ್‌ಗಳು ಛೀಮಾರಿ, ದಂಡ, ಅಮಾನತು ಹಾಕುತ್ತವೆ. ದೂರಿದ್ದರೆ ವಿಡಿಯೋ ತುಣುಕಿನೊಂದಿಗೆ ಕಾನ್ಫರೆನ್ಸ್ ಕಚೇರಿಗೆ ಕಳಿಸುವ ದಾರಿ ಇದೆ.

ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳು ಅನುಮತಿ ಕೊಡಬಹುದು ಎಂದ 2018ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬೆಟ್ಟಿಂಗ್ ರಾಜ್ಯದಿಂದ ರಾಜ್ಯಕ್ಕೆ ಹರಡಿದೆ. “ಇವತ್ತು ಅವನು ಆಡ್ತಾನಾ?” ಎಂದು ಹಳೆಯ ಗೆಳೆಯ ಕೇಳಿದರೂ ಉತ್ತರ ಕೊಡಬಾರದು. ಎಸ್‌ಇಸಿಯಂಥ ಕಾನ್ಫರೆನ್ಸ್‌ಗಳು ಯಾರು ಲಭ್ಯ ಎಂಬ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ, ಅದನ್ನು ನೋಡಿ ಎನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಉಳಿದಿವೆ. ಪ್ರತಿ ಗೋಷ್ಠಿಯಲ್ಲೂ “ಕೆಲಸ ಕಾಯಂ ಆಗುತ್ತಾ?” ಎಂದು ಕೇಳುತ್ತಾರೆ. ಮತ್ತೆ ಆ ಫೋನ್ ಬೈಗುಳ.

ಉತ್ತರ 1ರವರಿಂದ ಮತ್ತೆ

ಕೆಲಸದ ಪ್ರಶ್ನೆಗೆ ಒಂದೇ ಉತ್ತರ ಬರೆದಿಟ್ಟುಕೊಂಡು ಅಕ್ಷರ ಬದಲಿಸದೆ ಹೇಳಲಿ: “ಆ ತೀರ್ಮಾನ ಅಥ್ಲೆಟಿಕ್ ನಿರ್ದೇಶಕರದ್ದು. ನನ್ನ ಗಮನ ಶನಿವಾರದ ಪಂದ್ಯದ ಮೇಲಿದೆ.” ಒಂದು ಸಲ ಬೇರೆ ಪದ ಬಳಸಿದರೂ ಆ ಬದಲಾವಣೆಯೇ ಸುದ್ದಿಯಾಗುತ್ತದೆ. ಗೋಷ್ಠಿ ಮುಗಿದ ಮೇಲೆ ಪರಿಚಯದ ಪತ್ರಕರ್ತರ ಹತ್ತಿರ ‘ನಮ್ಮಲ್ಲೇ ಇರಲಿ’ ಎಂದು ಹೇಳಿಕೊಳ್ಳುವುದೂ ಬೇಡ. ಕೂರುವ ಮೊದಲೂ ಎದ್ದ ಮೇಲೂ ಮೈಕ್ ಚಾಲೂ ಇರುತ್ತದೆ ಎಂದೇ ತಿಳಿಯಲಿ.

ಫೋನ್ ವಿಷಯ: ಸೀಸನ್ ಮುಗಿಯುವವರೆಗೆ ಸಾಮಾಜಿಕ ಜಾಲತಾಣದ ಆ್ಯಪ್‌ಗಳನ್ನು ತೆಗೆಸಿ, ಖಾತೆಯನ್ನು ಸಿಬ್ಬಂದಿಯೊಬ್ಬರಿಗೆ ಒಪ್ಪಿಸಿ. ಮನೆಯವರಿಗೆ, ಸಹಾಯಕರಿಗೆ, ವೈದ್ಯರಿಗೆ ಮಾತ್ರ ಬೇರೆ ನಂಬರ್. ಪಂದ್ಯದ ರಾತ್ರಿ ಹಳೆಯ ನಂಬರಿನ ಫೋನ್ ತಂಡದ ನಿರ್ವಹಣಾ ನಿರ್ದೇಶಕರ ಬಳಿ ಇರಲಿ. ಬೈಗುಳವನ್ನು ಓದದೆ ಅಳಿಸಬಹುದು, ಬೆದರಿಕೆಯನ್ನು ಅಳಿಸಬಾರದು. ಕಳಿಸಿದವರ ಖಾತೆ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಕ್ಯಾಂಪಸ್ ಪೊಲೀಸರಿಗೆ ಕೊಡಬೇಕು. ಇದೇ ವ್ಯವಸ್ಥೆ ಆಟಗಾರರಿಗೂ ಇರಲಿ. ತಪ್ಪಿದ ಒಂದು ಫ್ರೀ ಥ್ರೋಗೆ ಬೆಟ್ಟಿಂಗ್ ಹಣ ಕಳೆದುಕೊಂಡವರು ಹತ್ತೊಂಬತ್ತರ ಹುಡುಗನಿಗೇ ನೇರವಾಗಿ ಬರೆಯುತ್ತಾರೆ, ಅವನು ಅದನ್ನು ಯಾರಿಗೂ ಹೇಳದೆ ರಾತ್ರಿಯೆಲ್ಲ ಓದುತ್ತಿರುತ್ತಾನೆ. ಸೋತ ರಾತ್ರಿ ಬಸ್ಸಿನಲ್ಲಿ ಫೋನ್ ಹಿಡಿದು ಮೌನವಾಗಿರುವವನ ಪಕ್ಕದಲ್ಲಿ ಅಣ್ಣ ಹೋಗಿ ಕೂತು ಮೊದಲು ಅದನ್ನೇ ಕೇಳಲಿ.